ಹಳೆಯ ಗೃಹೋಪಕರಣ: ಸಂಡೇ ಬಜಾರಿನಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ನೋಡಿ ಬಿಡಬೇಕು

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ ಹಾಗೂ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಸಂಡೇ ಬಜಾರಿನಲ್ಲಿ ಮರದ ಪೆಟ್ಟಿಗೆಯ ರೇಡಿಯೊ, ಸ್ಟ್ಯಾಂಡ್ ಕಳೆದುಕೊಂಡ ಹೊಲಿಗೆ ಯಂತ್ರ, ಹಿತ್ತಾಳೆ ರೆಕ್ಕೆಯ ಟೇಬಲ್ ಫ್ಯಾನ್, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಲ್ಲವೂ ಒಂದೇ ಗೋಣಿತಾಟಿನ ಮೇಲೆ ಕಾಣಿಸಬಹುದು. ಇವುಗಳಲ್ಲಿ ಯಾವುದು ಚೆಂದ ಎನ್ನುವುದನ್ನು ಕಣ್ಣು ತಾನೇ ತೀರ್ಮಾನಿಸುತ್ತದೆ, ಆದರೆ ಯಾವುದಕ್ಕೆ ಹಣ ಕೊಡಬೇಕು ಎನ್ನುವುದನ್ನು ಕಣ್ಣಿಗೆ ಬಿಡಬಾರದು. ಕರೆಂಟಿಲ್ಲದ ಬೀದಿಬದಿಯಲ್ಲಿ ನಿಂತು ಬರಿಗೈಯಿಂದ ವಸ್ತುವನ್ನು ಎಷ್ಟರಮಟ್ಟಿಗೆ ಪರೀಕ್ಷಿಸಲು ಸಾಧ್ಯ, ಹಾಳಾದ ಭಾಗಕ್ಕೆ ಬದಲಿಯೂ ಅದನ್ನು ಕೂರಿಸಬಲ್ಲ ಮಿಸ್ತ್ರಿಯೂ ನಮ್ಮ ಊರಿನಲ್ಲಿ ಸಿಗುತ್ತಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಈ ಆಯ್ಕೆಯನ್ನು ನಿರ್ಧರಿಸಬೇಕು. ಮುಂದಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಬೆಲೆಯನ್ನೂ ವಯಸ್ಸನ್ನೂ ಆಮೇಲೆ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.

ಎಲ್ಲಿ ಕೊಳ್ಳುವುದು

ದಕ್ಷಿಣದಲ್ಲಿರುವವರಿಗೆ ಹೆಸರಾದ ಸಂತೆಗಳು ಕೆಲವಿವೆ. ಬೆಂಗಳೂರಿನದು ಭಾನುವಾರ, ಚೆನ್ನೈ ಹತ್ತಿರದ ಪಲ್ಲಾವರಂ ಸಂತೆ ಶುಕ್ರವಾರ, ಹೈದರಾಬಾದಿನ ಜುಮೇರಾತ್ ಬಜಾರ್ ಹೆಸರೇ ಹೇಳುವಂತೆ ಗುರುವಾರ ನಡೆಯುತ್ತದೆ. ಮುಂಬೈನ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಇರುವುದು ಕಾಯಂ ಅಂಗಡಿಗಳು, ಮಾರುವವರಿಗೆ ತಮ್ಮ ಸರಕಿನ ಬೆಲೆ ಚೆನ್ನಾಗಿ ಗೊತ್ತು. ಅಲ್ಲಿ ಆಯ್ಕೆ ಹೆಚ್ಚು, ಅಗ್ಗದ ಮಾಲು ಕಡಿಮೆ. ಬೀದಿಬದಿಯ ಸಂತೆಯಲ್ಲಿ ಇದು ತಿರುವುಮುರುವಾಗಿದ್ದು, ಬೆಳಕು ಹರಿಯುವ ಹೊತ್ತಿಗೆ ಹೋದವರಿಗೆ ಮಾತ್ರ ಒಳ್ಳೆಯದು ಸಿಗುತ್ತದೆ, ಏಕೆಂದರೆ ಹಳೆಯ ವಸ್ತುಗಳ ಅಂಗಡಿಯವರೇ ಅಲ್ಲಿಗೆ ಮೊದಲ ಗಿರಾಕಿಗಳಾಗಿ ಬಂದು ಆರಿಸಿಕೊಂಡು ಹೋಗಿರುತ್ತಾರೆ. ಬೋಣಿಯ ಹೊತ್ತಿನಲ್ಲಿ ಚೌಕಾಸಿಗೆ ಮಾರುವವನು ಸ್ವಲ್ಪ ಬಗ್ಗುತ್ತಾನೆ ಎಂಬ ಮಾತಿನಲ್ಲಿಯೂ ಸತ್ಯವಿದೆ.

ಇವೆರಡಕ್ಕಿಂತ ಹೆಚ್ಚಾಗಿ ನಾನು ಸೂಚಿಸುವುದು ಬಡಾವಣೆಯ ಗುಜರಿ ಅಂಗಡಿಯನ್ನು. ಗುಜರಿಯವನು ವಸ್ತುವನ್ನು ಲೋಹದ ತೂಕವಾಗಿ ನೋಡುತ್ತಾನೆ, ಆದ್ದರಿಂದ ಎರಕದ ಕಬ್ಬಿಣದ ಹೊಲಿಗೆ ಯಂತ್ರ ಅವನಲ್ಲಿ ಅಗ್ಗವಾಗಿಯೂ ಹಿತ್ತಾಳೆಯ ಬಾಯ್ಲರ್ ದುಬಾರಿಯಾಗಿಯೂ ಇರುತ್ತದೆ. ಹೋಗುವ ಮೊದಲು ಆ ದಿನದ ಹಿತ್ತಾಳೆ, ತಾಮ್ರ, ಕಬ್ಬಿಣದ ಗುಜರಿ ದರವನ್ನು ವಿಚಾರಿಸಿಕೊಂಡಿದ್ದರೆ, ಎಲ್ಲಿ ನಿಂತರೂ ಯಾವ ಬೆಲೆಯ ಕೆಳಗೆ ಮಾರುವವನು ಇಳಿಯಲಾರ ಎಂಬ ಅಂದಾಜು ಸಿಗುತ್ತದೆ. ಎಲ್ಲಿ ಕೊಂಡರೂ ಒಂದು ರಸೀದಿ, ಅದಿಲ್ಲವಾದರೆ ಮಾರಿದವನ ಅಂಗಡಿಯ ಫೋಟೊ ಇಟ್ಟುಕೊಳ್ಳುವುದು ಕ್ಷೇಮ. ಕದ್ದ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೂ ಕೊಳ್ಳುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿದೆ.

ವಯಸ್ಸಿನ ಬಗ್ಗೆ ಮಾರುವವನ ಮಾತನ್ನು ನಂಬುವುದಕ್ಕಿಂತ ಯಂತ್ರದ ಬೆನ್ನಿಗೆ ಅಂಟಿಸಿದ ತಗಡಿನ ಪಟ್ಟಿಯನ್ನು ಓದುವುದು ಮೇಲು. ತಯಾರಕರ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಆ ಪದ್ಧತಿ ಆರಂಭವಾದದ್ದೇ ಅಂದು. 'ಬೆಂಗಳೂರು-9' ಎಂಬಂತೆ ಒಂದೆರಡು ಅಂಕಿ ಮಾತ್ರ ಇದ್ದರೆ ಬಹುಶಃ ಅದಕ್ಕೆ ಹಿಂದಿನದು. ವಿದ್ಯುತ್ತಿನ ಆವರ್ತನವನ್ನು ಹರ್ಟ್ಸ್ ಎನ್ನದೆ ಸೆಕೆಂಡಿಗೆ ಇಷ್ಟು ಸೈಕಲ್ ಎಂದು ಬರೆದಿದ್ದರೆ ಅದೂ ಹಳೆಯದರ ಗುರುತು, ಹರ್ಟ್ಸ್ ಎಂಬ ಹೆಸರು ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಸೇರಿದ್ದು 1960ರಲ್ಲಿ. ನೂರು ವರ್ಷ ಹಳೆಯದೆಂದು ಹೇಳಿದ ಪೆಟ್ಟಿಗೆಗೆ ಮೆಕ್ಯಾನಿಕ್‌ಗಳು ಸ್ಟಾರ್ ಸ್ಕ್ರೂ ಎನ್ನುವ, ತಲೆಯಲ್ಲಿ ಕೂಡುಗುರುತಿನಂಥ (+) ಗೀಟಿರುವ ತಿರುಪು ಹಾಕಿದ್ದರೆ, ಒಂದೋ ಪೆಟ್ಟಿಗೆ ಹೊಸದು, ಇಲ್ಲವೇ ತಿರುಪನ್ನಾದರೂ ಯಾರೋ ಬದಲಿಸಿದ್ದಾರೆ. ಅದೇ ಪಟ್ಟಿಯಲ್ಲಿ ವೋಲ್ಟೇಜನ್ನೂ ಓದಬೇಕು. ಅಮೆರಿಕದಿಂದ ಬಂದ 110 ವೋಲ್ಟಿನ ಉಪಕರಣ ನಮ್ಮ 230 ವೋಲ್ಟಿಗೆ ಸಿಕ್ಕಿದರೆ ಕ್ಷಣದಲ್ಲಿ ಸುಡುತ್ತದೆ.

ಹೊಲಿಗೆ ಯಂತ್ರ: ಎಲ್ಲಕ್ಕಿಂತ ಮೊದಲು

ಒಂದೇ ಒಂದು ವಸ್ತುವನ್ನು ಕೊಳ್ಳುವುದಾದರೆ ಅದು ಹೊಲಿಗೆ ಯಂತ್ರವಾಗಿರಲಿ. ಅದಕ್ಕೆ ಕರೆಂಟು ಬೇಡ, ಕೈಚಕ್ರ ತಿರುಗಿಸಿದರೆ ಅದರ ಆರೋಗ್ಯವೆಲ್ಲ ಅಲ್ಲೇ ತಿಳಿಯುತ್ತದೆ, ಊರಿಗೊಬ್ಬನಾದರೂ ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ ಇದ್ದಾನೆ. ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿದಾಗ ಸೂಜಿಯ ಕಂಬಿ ಎಲ್ಲಿಯೂ ತಡೆಯದೆ ಏರಿಳಿಯಬೇಕು, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳು ಚೂಪಾಗಿರಬೇಕು, ಸೂಜಿಯ ಕೆಳಗಿನ ತಗಡಿನ ರಂಧ್ರದ ಅಂಚು ತರಿತರಿಯಾಗಿರಬಾರದು. ಚಕ್ರ ಪೂರ್ತಿ ಸಿಕ್ಕಿಕೊಂಡಿದ್ದರೆ ಹೆದರಬೇಕಿಲ್ಲ, ಹೆಚ್ಚಿನ ಸಂದರ್ಭದಲ್ಲಿ ಅದು ವರ್ಷಗಟ್ಟಲೆ ಬಳಸದೆ ಒಣಗಿ ಅಂಟಾದ ಎಣ್ಣೆ. ಸೀಮೆಎಣ್ಣೆಯೋ ಡೀಸೆಲೋ ಬಿಟ್ಟು ಒಂದೆರಡು ದಿನ ನೆನೆಸಿದರೆ ಸಡಿಲವಾಗುತ್ತದೆ. ಸಿಕ್ಕಿಕೊಂಡ ಯಂತ್ರವನ್ನು ತೋರಿಸಿ ಬೆಲೆ ಇಳಿಸುವುದು ಹೊಲಿಗೆ ಬಲ್ಲವರ ಹಳೆಯ ಜಾಣತನ. ಆದರೆ ಬಾಬಿನ್ ಎಂಬ ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್, ಜಾರುವ ಮುಚ್ಚಳದ ತಗಡು, ದಾರದ ಬಿಗಿತ ಸರಿಮಾಡುವ ಸ್ಪ್ರಿಂಗು ಇವು ಕಾಣೆಯಾಗಿದ್ದರೆ ಅವನ್ನು ಹುಡುಕಿ ಕೂರಿಸುವ ಖರ್ಚನ್ನು ಬೆಲೆಯಿಂದ ಕಳೆಯಬೇಕು.

ಇಲ್ಲಿ ನಿಜವಾದ ಆಯ್ಕೆ ಇರುವುದು ಸಿಂಗರ್ ಮತ್ತು ಉಷಾ ನಡುವೆ ಅಲ್ಲ, ಎರಡು ಬಗೆಯ ಬಾಬಿನ್‌ಗಳ ನಡುವೆ. ಹಳೆಯ ಸಿಂಗರ್ ಯಂತ್ರಗಳಲ್ಲಿ ಕೆಲವು ದೋಣಿಯಾಕಾರದ ಉದ್ದ ಷಟಲ್ (ಕೆಳದಾರದ ಲಾಳಿ) ಇಟ್ಟುಕೊಂಡು ಕೆಲಸ ಮಾಡುತ್ತವೆ. ಅವುಗಳ ಚಿನ್ನದ ಬಣ್ಣದ ಬಳ್ಳಿಚಿತ್ತಾರ ನೋಡುವುದಕ್ಕೆ ಸೊಗಸು, ಆದರೆ ಕಡ್ಡಿಯಂತಹ ಅದರ ಬಾಬಿನ್ ಇಂದು ಬಡಾವಣೆಯ ಅಂಗಡಿಯಲ್ಲಿ ಸಿಗುವುದು ಕಷ್ಟ. ಗುಂಡು ಬಾಬಿನ್ನಿನ, ಸಿಂಗರ್ 15 ಎಂಬ ಮಾದರಿಯ ಯಂತ್ರಕ್ಕೆ ಮಾತ್ರ ಸೂಜಿ, ಬಾಬಿನ್, ಕೇಸ್ ಎಲ್ಲವೂ ಟೈಲರಿಂಗ್ ಸಾಮಗ್ರಿ ಮಾರುವ ಯಾವ ಅಂಗಡಿಯಲ್ಲಿಯೂ ದೊರೆಯುತ್ತವೆ. ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಿಂದ ತಯಾರಿಸಿದ ಉಷಾ, ಹಾಗೂ ನಮ್ಮ ದೇಶದ ಇನ್ನೂ ಹಲವು ಕಂಪನಿಗಳ ಕಪ್ಪು ಯಂತ್ರಗಳು ಬಹುಪಾಲು ಇದೇ ಮಾದರಿಯನ್ನು ಅನುಸರಿಸಿದ್ದರಿಂದ ಆ ಬಿಡಿಭಾಗಗಳು ಇಂದಿಗೂ ಉಳಿದಿವೆ. ಹೊಲಿಯುವುದಕ್ಕೆಂದು ಕೊಳ್ಳುವವರು ಹೆಸರನ್ನು ಮರೆತು ಗುಂಡು ಬಾಬಿನ್ ಇದೆಯೇ ಎಂದು ಮಾತ್ರ ನೋಡಬೇಕು, ಪ್ರದರ್ಶನಕ್ಕೆಂದು ಕೊಳ್ಳುವವರು ದೋಣಿ ಷಟಲ್‌ನ ಸಿಂಗರನ್ನೇ ಆರಿಸಲಿ.

ಸಿಂಗರ್ ಯಂತ್ರದ ಕಾಲ ತಿಳಿಯುವುದು ಸುಲಭ. ಅಡಿಪೀಠದ ಬಲಬದಿಯಲ್ಲಿ ಕೊರೆದ ಕ್ರಮಸಂಖ್ಯೆಯಲ್ಲಿ ಬರಿಯ ಅಂಕಿಗಳಿದ್ದರೆ ಅದು 1900ಕ್ಕೆ ಮುಂಚಿನದು, ಮುಂದೆ ಇಂಗ್ಲಿಷ್ ಅಕ್ಷರವಿದ್ದರೆ ಅದಕ್ಕೆ ಈಚಿನದು. 1851–1951 ಎಂಬ ವರ್ಷಗಳಿರುವ ಬಿಲ್ಲೆ ಕಂಪನಿಯ ಶತಮಾನೋತ್ಸವದ ಹೊತ್ತಿನದು. ಹಳೆಯದಾದಷ್ಟೂ ಬೆಲೆ ಹೆಚ್ಚೆಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ, ಸಿಂಗರ್ ಕಂಪನಿ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಿಸಿದ ಯಂತ್ರ ಅಪರೂಪದ್ದಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಯಂತ್ರಗಳ ಸೂಜಿಯಲ್ಲಿ 'ಕೆಂಪು ಪಾದರಸ' ಎಂಬ ಅಮೂಲ್ಯ ವಸ್ತುವಿದೆ ಎಂಬ ಗಾಳಿಸುದ್ದಿ ಹಬ್ಬಿ ಬೆಲೆ ಮುಗಿಲಿಗೇರಿತ್ತು. ಅಂಥ ವಸ್ತುವೇ ಇಲ್ಲ. ನಮ್ಮ ಕಡೆಯ ರೈಸ್ ಪುಲ್ಲರ್ ಪಾತ್ರೆಯ ವಂಚನೆಯೂ ಇದೇ ಜಾತಿಯದು. ಹಳೆಯ ತಾಮ್ರ ಅಕ್ಕಿಯನ್ನು ಸೆಳೆಯುತ್ತದೆ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಎರಕದ ಸ್ಟ್ಯಾಂಡಿಗೆ ಗಾಜು ಅಥವಾ ಹಲಗೆ ಹೊದಿಸಿ ಹೋಟೆಲುಗಳಲ್ಲಿ ಮೇಜು ಮಾಡಿಕೊಳ್ಳುವ ಗೀಳು ಬಂದಮೇಲೆ ಸ್ಟ್ಯಾಂಡಿನ ಬೆಲೆ ಏರಿ, ತಲೆ ಎಂದು ಕರೆಯುವ ಮೇಲಿನ ಯಂತ್ರ ಒಂಟಿಯಾಗಿ ಬಿದ್ದಿರುತ್ತದೆ. ತಲೆಯನ್ನು ಅಗ್ಗಕ್ಕೆ ಕೊಂಡು ಕೈಹಿಡಿಕೆಯನ್ನೋ ಸಣ್ಣ ಮೋಟಾರನ್ನೋ ಜೋಡಿಸಿಕೊಳ್ಳುವುದು ಇಂದು ಹೆಚ್ಚು ಲಾಭದ ದಾರಿ.

ಟೇಬಲ್ ಫ್ಯಾನ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ

ವಿದ್ಯುತ್ತಿನಿಂದ ನಡೆಯುವವುಗಳಲ್ಲಿ ನನ್ನ ಮೊದಲ ಆಯ್ಕೆ ಟೇಬಲ್ ಫ್ಯಾನ್. ಅದರೊಳಗಿರುವುದು ತಂತಿ ಸುತ್ತಿದ ಕಾಯಿಲ್, ದಂಡ ತಿರುಗುವ ಬಳೆಗಳಾದ ಎರಡು ಬುಷ್, ಒಂದು ಕಂಡೆನ್ಸರ್ (ಕೆಪಾಸಿಟರ್), ಕತ್ತು ತಿರುಗಿಸುವ ಸಣ್ಣ ಗೇರ್ ಪೆಟ್ಟಿಗೆ, ಇಷ್ಟೇ. ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ಅದು ಸದ್ದಿಲ್ಲದೆ ಸುತ್ತಿ ತಾನಾಗಿಯೇ ನಿಧಾನವಾಗಿ ನಿಲ್ಲಬೇಕು. ದಂಡವನ್ನು ಹಿಂದೆ ಮುಂದೆ ಎಳೆದಾಗ ಕೂದಲೆಳೆಯಷ್ಟು ಆಡಿದರೆ ಅಡ್ಡಿಯಿಲ್ಲ, ಪಕ್ಕಕ್ಕೆ ಅಲುಗಿದರೆ ಬುಷ್ ಸವೆದಿದೆ ಎಂದರ್ಥ. ಮೋಟಾರಿನ ಬಳಿ ಮೂಗಿಟ್ಟು ಸುಟ್ಟ ವಾರ್ನಿಷ್ ವಾಸನೆ ಇದೆಯೇ ನೋಡಬೇಕು. ಕಾಯಿಲ್ ಸುಟ್ಟಿದ್ದರೂ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡುವವರು ಪ್ರತಿ ಪಟ್ಟಣದಲ್ಲಿ ಇರುವುದರಿಂದ ಅದು ಸಾವಿನ ಸುದ್ದಿಯೇನಲ್ಲ. ಹಳೆಯ ಫ್ಯಾನುಗಳಲ್ಲಿ ಕೆಲವು ಡಿ.ಸಿ. ಎಂಬ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿಗಾಗಿ ಮಾಡಿದವು ಎಂಬುದನ್ನು ಮಾತ್ರ ಮರೆಯಬಾರದು, ಪಟ್ಟಿಯಲ್ಲಿ ಡಿ.ಸಿ. ಎಂದಿದ್ದರೆ ನಮ್ಮ ಮನೆಯ ಕರೆಂಟಿಗೆ ಅದನ್ನು ನೇರವಾಗಿ ಜೋಡಿಸಬಾರದು. ಹಿತ್ತಾಳೆ ರೆಕ್ಕೆ, ವಿರಳ ಸರಳುಗಳ ಜಾಲರಿ ಇರುವ ಫ್ಯಾನ್ ಸುಂದರ, ಆದರೆ ಮಗುವಿನ ಬೆರಳು ಆ ಸಂದಿನಲ್ಲಿ ಸಲೀಸಾಗಿ ತೂರುತ್ತದೆ. ಮಕ್ಕಳಿರುವ ಮನೆಗೆ ಅದು ಬೇಡ. ಹಳೆಯ ಸೀಲಿಂಗ್ ಫ್ಯಾನಿಗೂ ಶಿಫಾರಸು ಮಾಡಲಾರೆ. ಸುಮಾರು 75 ವ್ಯಾಟ್ ಎಳೆಯುವ ಅದರ ಜಾಗದಲ್ಲಿ ಇಂದಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ) ಫ್ಯಾನ್ 30 ವ್ಯಾಟಿನ ಆಸುಪಾಸಿನಲ್ಲಿಯೇ ಅಷ್ಟು ಗಾಳಿ ಕೊಡುತ್ತದೆ, ಮೇಲಾಗಿ ತಲೆಯ ಮೇಲೆ ತೂಗುವ ವಸ್ತುವಿನ ತಿರುಪುಗಳು ಎಷ್ಟು ವರ್ಷದವೋ ಎಂಬ ಚಿಂತೆಯೂ ಬೇಕಿಲ್ಲ.

ಮಿಕ್ಸಿಯಲ್ಲಿ ಫ್ಯಾನಿಗಿಂತ ತೊಂದರೆ ಹೆಚ್ಚು. 1960ರ ದಶಕದಲ್ಲಿ ಎಸ್.ಪಿ. ಮಾಥುರ್ ರೂಪಿಸಿದ ಸುಮೀತ್ ಮಿಕ್ಸಿ ನಮ್ಮ ಮಸಾಲೆ, ಚಟ್ನಿ, ದೋಸೆಹಿಟ್ಟಿನ ಭಾರಕ್ಕೆಂದೇ ಹುಟ್ಟಿದ್ದು, ಅದರ ಮೋಟಾರು ಗಟ್ಟಿ. ಕಾರ್ಬನ್ ಬ್ರಷ್, ಜಾರನ್ನು ಮೋಟಾರಿಗೆ ಕೂಡಿಸುವ ರಬ್ಬರಿನ ಕಪ್ಲರ್ ಇವು ಸುಲಭವಾಗಿ ಸಿಗುತ್ತವೆ. ಆದರೆ ಸಂತೆಯಲ್ಲಿ ಸಿಗುವುದು ಸಾಮಾನ್ಯವಾಗಿ ಜಾರ್ ಇಲ್ಲದ ಮೋಟಾರು, ಅಥವಾ ಬೇರೆ ಮಿಕ್ಸಿಯ ಜಾರ್ ಹೊತ್ತ ಮೋಟಾರು. ಜಾರಿನ ತಳದ ಬುಷ್ ಸೋರಿದರೆ ಕಪ್ಪು ಎಣ್ಣೆ ಚಟ್ನಿಗೆ ಸೇರುತ್ತದೆ. ಮೂಲದ ಜಾರ್‌ಗಳೂ ಮುಚ್ಚಳವೂ ಒಟ್ಟಿಗೆ ಸಿಕ್ಕಿದರೆ ಮಾತ್ರ ಇದನ್ನು ಪರಿಗಣಿಸಬಹುದು.

ಇಸ್ತ್ರಿಪೆಟ್ಟಿಗೆಗಳಲ್ಲಿ ಇದ್ದಿಲಿನದೂ ಕರೆಂಟಿನದೂ ಎರಡೂ ಕಾಣುತ್ತವೆ. ಹಳೆಯ ಕರೆಂಟಿನ ಪೆಟ್ಟಿಗೆಯ ಮೈಕಾ ಎಲಿಮೆಂಟ್ ಇಂದಿಗೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಬಟ್ಟೆ ಸುತ್ತಿದ ವೈರಿನಲ್ಲಿಯೂ ಒಳಗಿನ ಹಾಳೆಯಲ್ಲಿಯೂ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿದೆ. ಹಳೆಯ ಟೋಸ್ಟರ್, ರೂಮ್ ಹೀಟರ್‌ಗಳಿಗೂ ಇದೇ ಮಾತು. ಉದುರುವ ಬಿಳಿಯ ನಾರು ಕಂಡರೆ ಮುಟ್ಟದೆ ಬಿಡಬೇಕು. ಇದ್ದಿಲಿನ ಹಿತ್ತಾಳೆ ಪೆಟ್ಟಿಗೆಯಲ್ಲಿ ಈ ಅಪಾಯವಿಲ್ಲ, ಮೋಸವಿದೆ. ಹೊಸದಾಗಿ ಎರಕ ಹೊಯ್ದು ಕಪ್ಪು ಬಳಿದು ಮಾರುವುದು ಸಾಮಾನ್ಯ. ನಿಜವಾಗಿ ಬಳಸಿದ್ದರಲ್ಲಿ ಮರದ ಹಿಡಿಕೆಯ ಅಡಿಭಾಗ ಶಾಖಕ್ಕೆ ಕಂದಿರುತ್ತದೆ, ಮುಚ್ಚಳದ ಕೀಲು ಸವೆದಿರುತ್ತದೆ, ತಳದ ಅಂಚು ದುಂಡಗಾಗಿರುತ್ತದೆ. ಅರದ ಗೆರೆಗಳು ತಾಜಾ ಕಂಡರೆ ವಯಸ್ಸೂ ತಾಜಾ.

ಕರೆಂಟಿನ ಯಾವುದನ್ನೇ ತಂದರೂ ಮನೆಯಲ್ಲಿ ನೇರವಾಗಿ ಪ್ಲಗ್ಗಿಗೆ ಚುಚ್ಚಬಾರದು. ರಬ್ಬರು, ಹತ್ತಿ ಸುತ್ತಿದ ಹಳೆಯ ವೈರು ಮುಟ್ಟಿದರೆ ಪುಡಿಯಾಗುತ್ತದೆ. ಮೊದಲು ಅದನ್ನು ತೆಗೆದು ಅರ್ಥಿಂಗ್ ಸಹಿತವಾದ ಮೂರೆಳೆಯ ವೈರು ಹಾಕಿಸಬೇಕು, ಆಮೇಲೆ ಮೆಕ್ಯಾನಿಕ್‌ಗಳು ಸೀರೀಸ್ ಲ್ಯಾಂಪ್ ಎನ್ನುವ, 100 ವ್ಯಾಟಿನ ಹಳೆಯ ಬಗೆಯ ಬಲ್ಬನ್ನು ನಡುವೆ ಜೋಡಿಸಿದ ಹಲಗೆಯ ಮೂಲಕ ಕರೆಂಟು ಕೊಡಿಸಬೇಕು. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಉಪಕರಣವೂ ಮನೆಯ ಫ್ಯೂಸೂ ಉಳಿಯುತ್ತವೆ.

ಸ್ಟೌ ಮತ್ತು ಪೆಟ್ರೊಮ್ಯಾಕ್ಸ್

ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಮಾದರಿಯ ಪಂಪ್ ಸ್ಟೌಗಳು ಹೊಳೆಯುವ ಹಿತ್ತಾಳೆಯ ಕಾರಣಕ್ಕೆ ಬೇಗ ಕಣ್ಣಿಗೆ ಬೀಳುತ್ತವೆ. ಟ್ಯಾಂಕಿಗೆ ಗಾಳಿ ಹೊಡೆದು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಬೆಸುಗೆ ಬಿಟ್ಟಿದೆ. ಪಂಪಿನ ಚರ್ಮದ ವಾಷರ್, ನಿಪ್ಪಲ್, ಪಿನ್ನು ಬದಲಿಸಬಹುದು, ಬೆಸುಗೆ ಬಿಟ್ಟ ಟ್ಯಾಂಕನ್ನು ಉರಿಸುವುದು ಹುಚ್ಚುತನ. ಆದರೂ ಈ ಗುಂಪಿನ ನಿಜವಾದ ಸಮಸ್ಯೆ ಸೀಮೆಎಣ್ಣೆಯೇ. ಪಡಿತರದಲ್ಲಿ ಮೊದಲಿನಂತೆ ಸಿಗದಿರುವಾಗ ಸ್ಟೌ ಕಪಾಟಿನ ಅಲಂಕಾರವಾಗಿಯೇ ಉಳಿಯುತ್ತದೆ. ಪೆಟ್ರೊಮ್ಯಾಕ್ಸ್‌ಗಾದರೆ ಬೇರೊಂದು ಆಕರ್ಷಣೆ ಇದೆ. ಕರಾವಳಿಯ ಯಕ್ಷಗಾನ ಬಯಲಾಟ ವಿದ್ಯುದ್ದೀಪಕ್ಕೆ ಮೊದಲು ನಡೆದದ್ದು ಈ ಗ್ಯಾಸ್‌ಲೈಟಿನ ಬೆಳಕಿನಲ್ಲಿ. ಕೊಳ್ಳುವುದಾದರೆ ಗಾಜು ಒಡೆಯದಿರುವುದನ್ನೂ ಒತ್ತಡದ ಮಾಪಕ ಇರುವುದನ್ನೂ ನೋಡಿ, ಜೊತೆಗೆ ಕೊಡುವ ಹಳೆಯ ಮ್ಯಾಂಟಲ್‌ಗಳನ್ನು (ಉರಿಯಲ್ಲಿ ಬೆಳಗುವ ಬಲೆಚೀಲಗಳನ್ನು) ಬೇಡವೆನ್ನಬೇಕು, ಏಕೆಂದರೆ ಅವುಗಳಲ್ಲಿ ತುಸು ವಿಕಿರಣವಿರುವ ಥೋರಿಯಂ ಇರುತ್ತದೆ.

ವಾಲ್ವ್ ರೇಡಿಯೊ ಮತ್ತು ಟ್ರಾನ್ಸಿಸ್ಟರ್

ಸಂತೆಗೆ ಹೋದವರೆಲ್ಲರ ಮನಸ್ಸು ಕೊನೆಗೆ ಬಂದು ನಿಲ್ಲುವುದು ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ ಹೆಸರಿನ ಮರದ ಪೆಟ್ಟಿಗೆಗಳ ಮುಂದೆ. ಹೆಚ್ಚು ಹಣ ಪೋಲಾಗುವುದೂ ಅಲ್ಲಿಯೇ. ಟ್ರಾನ್ಸಿಸ್ಟರಿನ ಬದಲು ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ನಡೆಯುವ ಈ ವಾಲ್ವ್ ರೇಡಿಯೊವನ್ನು ಕರೆಂಟಿಲ್ಲದೆ ಪರೀಕ್ಷಿಸಲಾಗದು, ಕರೆಂಟು ಕೊಟ್ಟು ತೋರಿಸುತ್ತೇನೆ ಎಂದರೆ ಒಪ್ಪಲೂಬಾರದು, ಏಕೆಂದರೆ ದಶಕಗಳ ಕಾಲ ಸುಮ್ಮನಿದ್ದ ಕಾಗದದ ಕಂಡೆನ್ಸರ್‌ಗಳು ಸೋರುತ್ತಿದ್ದು ಮೊದಲ ಸಲ ಕರೆಂಟು ಹರಿದಾಗಲೇ ಟ್ರಾನ್ಸ್‌ಫಾರ್ಮರನ್ನು ಸುಡಬಲ್ಲವು. ಹಾಗಾಗಿ ಬದಲಿಸಲಾಗದ ಭಾಗಗಳು ಉಳಿದಿವೆಯೇ ಎಂಬುದನ್ನಷ್ಟೇ ನೋಡಬೇಕು. ಅವುಗಳಲ್ಲಿ ಮೊದಲನೆಯದು ಊರುಗಳ ಹೆಸರು ಅಚ್ಚಾದ ಡಯಲ್ ಗಾಜು, ಅದು ಒಡೆದಿದ್ದರೆ ಆ ಮಾದರಿಯ ಇನ್ನೊಂದು ರೇಡಿಯೊ ಸತ್ತಾಗಲಷ್ಟೇ ಸಿಗುತ್ತದೆ. ಆಮೇಲೆ ಗುಬುಟುಗಳು, ಹಿಂಬದಿಯ ಹಲಗೆ, ಗೆದ್ದಲು ಹಿಡಿಯದ ಪೆಟ್ಟಿಗೆ. ವಾಲ್ವ್ ಸಿಗುವುದಿಲ್ಲ ಎಂಬ ಭಯ ಅಷ್ಟು ಬೇಡ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1960ರ ದಶಕದಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು, ಬಿಇಎಲ್ ಗುರುತಿನ ಬಳಸದ ವಾಲ್ವ್‌ಗಳು ಹಳೆಯ ದಾಸ್ತಾನುಗಳಿಂದ ಇಂದಿಗೂ ಹೊರಬರುತ್ತವೆ. ಕಂಡೆನ್ಸರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಸಿಗದಿರುವುದು ಇವನ್ನೆಲ್ಲ ತಿಳಿದು ಜೋಡಿಸುವ ಕೈ, ಅಂಥವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ರೇಡಿಯೊ ಕೊಳ್ಳುವ ಮೊದಲೇ ರಿಪೇರಿಯವನನ್ನು ಹುಡುಕಿಟ್ಟುಕೊಳ್ಳಬೇಕು.

ವಾಲ್ವ್ ರೇಡಿಯೊಗಳಲ್ಲಿಯೂ ಎರಡು ಜಾತಿ ಇವೆ, ಅವುಗಳ ವ್ಯತ್ಯಾಸ ಪ್ರಾಣಕ್ಕೆ ಸಂಬಂಧಿಸಿದ್ದು. ಇಸಿಎಚ್81, ಇಎಲ್84 ಎಂಬಂತೆ ಇಂಗ್ಲಿಷಿನ ಇ ಅಕ್ಷರದಿಂದ ಆರಂಭವಾಗುವ ವಾಲ್ವ್‌ಗಳಿದ್ದರೆ ಅದು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಎ.ಸಿ. ಸೆಟ್. ಯುಸಿಎಚ್81, ಯುಎಲ್84 ಎಂದು ಯು ಅಕ್ಷರದಿಂದ ಆರಂಭವಾದರೆ ಅದು ಎ.ಸಿ. ಮತ್ತು ಡಿ.ಸಿ. ಎರಡಕ್ಕೂ ಒಗ್ಗುವಂತೆ ಮಾಡಿದ ಸೆಟ್, ಅದರ ಒಳಗಿನ ಲೋಹದ ಚೌಕಟ್ಟು ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಚೌಕಟ್ಟಿನಲ್ಲಿ 230 ವೋಲ್ಟ್ ನಿಲ್ಲುತ್ತದೆ, ಗುಬುಟು ಕಳಚಿದ ದಂಡವನ್ನು ಮುಟ್ಟಿದರೂ ಸಾಕು, ಷಾಕ್ ಹೊಡೆಯುತ್ತದೆ. ಹೊಸಬರು ಈ ಎರಡನೆಯ ಜಾತಿಯನ್ನು ಎಷ್ಟೇ ಅಗ್ಗವಾದರೂ ಬಿಡಬೇಕು.

ಇಷ್ಟೆಲ್ಲ ಮಾಡಿ ಹಾಡಿಸಿದ ಮೇಲೆ ಕೇಳುವುದೇನು ಎಂಬುದನ್ನೂ ಯೋಚಿಸಬೇಕು. ಇವುಗಳಲ್ಲಿ ಬಹುಪಾಲು ಸೆಟ್‌ಗಳಿಗೆ ಎಫ್‌ಎಂ ಇಲ್ಲ. ಬೆಂಗಳೂರಿನ ಅಮೃತವರ್ಷಿಣಿಯ 100.1, ವಿವಿಧಭಾರತಿಯ 102.9 ಮೆಗಾಹರ್ಟ್ಸ್ ಅವಕ್ಕೆ ನಿಲುಕದು. ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್) ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಸ್ ಎಂದು ತಲೆಮಾರುಗಳಿಗೆ ಬಾಯಿಪಾಠವಾಗಿತ್ತು, ಆದರೆ ದೇಶದ ಹಲವು ಮಧ್ಯಮ ತರಂಗ ಪ್ರಸಾರಗಳು ಈಚೆಗೆ ನಿಂತಿವೆ, ಉಳಿದವನ್ನು ಮನೆಯ ಎಲ್‌ಇಡಿ ಬಲ್ಬುಗಳ ಕರಕರ ಸದ್ದು ಮುಚ್ಚಿಹಾಕುತ್ತದೆ. ನಿಮ್ಮ ಮನೆಯಲ್ಲಿ ಏನು ಕೇಳುತ್ತದೆ ಎಂಬುದನ್ನು ಯಾರದಾದರೂ ಸಣ್ಣ ಟ್ರಾನ್ಸಿಸ್ಟರ್ ತಂದು ಮೊದಲೇ ನೋಡಿಕೊಳ್ಳಬಹುದು.

ಈ ಕಾರಣಗಳಿಂದ, ಕೇಳುವುದೇ ಉದ್ದೇಶವಾದರೆ 1970ರ ದಶಕದ ಟ್ರಾನ್ಸಿಸ್ಟರ್ ರೇಡಿಯೊ ವಾಲ್ವ್ ರೇಡಿಯೊಗಿಂತ ಉತ್ತಮ ಆಯ್ಕೆ. ಜೇಬಿನಲ್ಲಿ ನಾಲ್ಕು ದೊಡ್ಡ ಸೆಲ್ ಒಯ್ದರೆ ಸಂತೆಯಲ್ಲಿಯೇ ಹಾಕಿ ಕೇಳಬಹುದು. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಸ್ಪ್ರಿಂಗುಗಳನ್ನು ಬದಲಿಸುವ ಖರ್ಚು ಸೇರಿಸಿಕೊಳ್ಳಬೇಕು, ಗುಬುಟು ತಿರುಗಿಸಿದಾಗ ಬರುವ ಕರಕರ ಸದ್ದು ಮಾತ್ರ ಒಂದು ಹನಿ ಕ್ಲೀನರಿಗೆ ಹೋಗುತ್ತದೆ. ಆಗಿನ ಪರವಾನಗಿ ಪುಸ್ತಕ ಜೊತೆಗೆ ಸಿಕ್ಕಿದರೆ ಬಿಡಬೇಡಿ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟುವ ಪದ್ಧತಿ 1980ರ ದಶಕದವರೆಗೂ ಇತ್ತು, ಅದರಲ್ಲಿ ಅಂಟಿಸಿದ ಚೀಟಿಗಳ ಮೇಲಿನ ಅಂಚೆ ಮುದ್ರೆಗಳು ರೇಡಿಯೊ ಎಷ್ಟು ವರ್ಷ ಬಳಕೆಯಲ್ಲಿತ್ತು ಎಂದು ಹೇಳುತ್ತವೆ.

ಗ್ರಾಮಫೋನ್, ಫ್ರಿಜ್

ಹೊಳೆಯುವ ಹಿತ್ತಾಳೆಯ ಕೊಳವೆ, ಎಂಟು ಮೂಲೆಯ ಪೆಟ್ಟಿಗೆ, ನಾಯಿಯ ಚಿತ್ರವಿರುವ ಗ್ರಾಮಫೋನ್ ಸಂತೆಯಲ್ಲಿ ಕಂಡರೆ ಅದು ಬಹುತೇಕ ನಕಲಿ. ಇಂಥವನ್ನು ಪ್ರವಾಸಿಗರಿಗೆಂದೇ ನಮ್ಮ ದೇಶದಲ್ಲಿ ತಯಾರಿಸುತ್ತಾರೆ, ಒಳಗಿನ ಸ್ಪ್ರಿಂಗ್ ಮೋಟಾರು ಮಾತ್ರ ಯಾವುದೋ ಹಳೆಯ ಪೆಟ್ಟಿಗೆ ಗ್ರಾಮಫೋನಿನಿಂದ ಕಿತ್ತದ್ದಾಗಿರುತ್ತದೆ. ಅದೇ ಬೆಲೆಗೆ ಸೂಟ್‌ಕೇಸಿನಂತೆ ಮಡಚುವ, ಕೊಳವೆಯಿಲ್ಲದ ಎಚ್‌ಎಂವಿ ಪೋರ್ಟಬಲ್ ಸಿಕ್ಕಿದರೆ ಅದನ್ನು ಆರಿಸಬೇಕು, ನೋಟಕ್ಕೆ ಸಪ್ಪೆಯಾದರೂ ನಿಜವಾದದ್ದು ಅದು. ಕೀಲಿ ಕೊಟ್ಟು ತಿರುಗುವ ತಟ್ಟೆಯನ್ನು ಬಿಟ್ಟಾಗ, ನಿಮಿಷಕ್ಕೆ 78 ಸುತ್ತಿನ ವೇಗದ ಹಾಡಿನ ತಟ್ಟೆಯ ಒಂದು ಬದಿ ಮುಗಿಯುವಷ್ಟು ಹೊತ್ತು, ಅಂದರೆ ಮೂರು ಮೂರೂವರೆ ನಿಮಿಷ, ಅದು ಸಮವಾಗಿ ತಿರುಗಬೇಕು. ನಡುವೆ ದಡಕ್ ಎಂದರೆ ಸ್ಪ್ರಿಂಗಿಗೆ ಗ್ರೀಸ್ ಒಣಗಿದೆ. ಉಕ್ಕಿನ ಸೂಜಿಯನ್ನು ಪ್ರತಿ ಬದಿಗೊಮ್ಮೆ ಬದಲಿಸದಿದ್ದರೆ ತಟ್ಟೆಯೇ ಸವೆಯುತ್ತದೆ, ಆದ್ದರಿಂದ ಸೂಜಿಗಳ ಡಬ್ಬಿಯನ್ನೂ ಕೇಳಿ ಪಡೆಯಬೇಕು.

ಹಳೆಯ ಫ್ರಿಜ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ವಿನ್, ಕೆಲ್ವಿನೇಟರ್ ಕಾಲದ ದುಂಡು ಮೂಲೆಯ ಪೆಟ್ಟಿಗೆಗಳು ಎಷ್ಟೇ ಮುದ್ದಾಗಿದ್ದರೂ ಅವುಗಳಲ್ಲಿ ಬಳಸುತ್ತಿದ್ದ ಆರ್-12 ಅನಿಲ ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿ, ಭಾರತದಲ್ಲಿ 2010ರ ಹೊತ್ತಿಗೆ ಅದರ ಬಳಕೆ ಕೊನೆಗೊಂಡಿತು. ಅನಿಲ ಸೋರಿದ್ದರೆ ಮತ್ತೆ ತುಂಬಿಸಲಾಗದು, ಸೋರದೆ ನಡೆಯುತ್ತಿದ್ದರೂ ಕರೆಂಟಿನ ಬಿಲ್ಲು ಕೊಂಡ ಬೆಲೆಯನ್ನು ಬೇಗ ಮೀರುತ್ತದೆ. ಪುಸ್ತಕದ ಕಪಾಟಾಗಿ ಇಡುತ್ತೇನೆ ಎನ್ನುವವರು ಕೊಳ್ಳಲಿ, ಆದರೆ ಹೊರಗಿನಿಂದ ಚಿಲಕದಂತೆ ಬೀಳುವ ಹಳೆಯ ಹಿಡಿಕೆಯನ್ನು ಒಳಗಿನಿಂದ ತೆರೆಯಲು ಬಾರದು. ಆಟವಾಡುತ್ತ ಒಳಗೆ ಹೊಕ್ಕ ಮಗು ಉಸಿರುಗಟ್ಟುತ್ತದೆ. ಮನೆಗೆ ತರುವ ಮುಂಚೆ, ಗಾಡಿಗೆ ಏರಿಸುವ ಜಾಗದಲ್ಲಿಯೇ, ಆ ಚಿಲಕವನ್ನು ಕಿತ್ತು ತೆಗೆಸಬೇಕು.